ಆಫ್ರಿಕಾದ ಸಿಂಹದ ಊರು

ಒಬ್ಬನ ಹೆಸರನ್ನು ಮೈಕಿನಲ್ಲಿ ಹೇಳಿದ್ದಕ್ಕೆ ಏನೇನೆಲ್ಲ ಆಗಬಹುದಿತ್ತು ನೋಡಿ. ಮೈಕು ಕೈಕೊಡಬಹುದಿತ್ತು. ಜನ ಕೂಗಾಡಿ ಎದ್ದುಹೋಗಬಹುದಿತ್ತು. ಎದುರಾಳಿ ಅಖಾಡ ಬಿಟ್ಟು ಇಳಿಯಬಹುದಿತ್ತು. ಯಾರೋ ತೂರಿದ ಕಲ್ಲು ನನ್ನ ಹಣೆಗೇ ಬೀಳಬಹುದಿತ್ತು. ಊರ ಕಲ್ಲುಗಳಿಗೆಲ್ಲ ನನ್ನ ಹಣೆಯ ಮೇಲೆ ವಿಶೇಷ ಪ್ರೀತಿಯೆಂದು ನಾನು ಮೊದಲಿನಿಂದಲೂ ನಂಬಿದವನು. ಮೊನ್ನೆ ಕಟಿಂಗ್ ಶಾಪಿನ ಟಿವಿಯಲ್ಲಿ ಜಟ್ಟಿಯೊಬ್ಬ ತನ್ನ ದೇಶದ ಬಾವುಟ ಹೊದ್ದು ಬರುವುದನ್ನು ಕಂಡಾಗ, ಅರ್ಧ ಮುಖದ ನೊರೆಯೊಂದಿಗೇ ಆ ಹಳೆಯ ಭಯಗಳನ್ನೆಲ್ಲ ಮತ್ತೊಮ್ಮೆ ಪಟ್ಟೆ.

ಎಪ್ಪತ್ತರ ದಶಕದ ಕೊನೆಯ ಮಾತು. ಹರಪನಹಳ್ಳಿಯಲ್ಲಿ ನಾನು ಹಂಗಾಮಿ ಮೇಷ್ಟ್ರು. ಗಂಟಲು ದೊಡ್ಡದೆಂಬ ಒಂದೇ ಅರ್ಹತೆಯಿಂದ, ರಜೆಯಲ್ಲಿ ಹುಸೇನ್ ಸಾಹೇಬರ ಶೋ ಕುಸ್ತಿ ಕಂಪನಿಗೆ ಅನೌನ್ಸರ್. ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದು ಮೊದಲೇ ಗೊತ್ತಿರುವ ಕುಸ್ತಿ ಅದು. ಗೊತ್ತಿಲ್ಲದವರು ಟಿಕೆಟ್ ಕೊಂಡವರು ಮಾತ್ರ. ಅವರಲ್ಲೂ ಅರ್ಧ ಜನಕ್ಕೆ ಗೊತ್ತಿತ್ತು ಬಿಡಿ.

ದಿನಾ ಬೀಳಬೇಕಾದವನು 'ಆಫ್ರಿಕಾದ ಸಿಂಹ'. ಸಿಂಹದ ಹೆಸರು ದುರುಗಪ್ಪ, ಊರು ಹಿರೇಹಡಗಲಿ. ಮೈ ಕಪ್ಪಗಿದೆಯೆಂದು ಸಾಹೇಬರು ಅವನನ್ನು ಆಫ್ರಿಕಾಕ್ಕೆ ಸೇರಿಸಿಬಿಟ್ಟಿದ್ದರು. ಅವನು ಗರ್ಜಿಸಬೇಕು, ಮಾತಾಡಕೂಡದು. ಕುಸ್ತಿಗೆ ಮುಂಚೆ ಜೋಡಿಗಳು ಒಬ್ಬರ ಅಂಗೈಗೆ ಒಬ್ಬರು ಅಖಾಡದ ಮಣ್ಣು ಕೊಡುತ್ತಾರಲ್ಲ, ಅದನ್ನೂ ಅವನು ಕಾಡುಮನುಷ್ಯನಂತೆ ಕೊಡವಿಬಿಡಬೇಕು. ಕೂಡ್ಲಿಗಿಯಲ್ಲೊಮ್ಮೆ ಎದುರಾಳಿ ಮಲ್ಲನಗೌಡ ತೋಳು ತಿರುವಿದಾಗ ಸಿಂಹ "ಯವ್ವಾ!" ಎಂದುಬಿಟ್ಟಿತು. ಆಫ್ರಿಕಾ ಭಾಷೆಯಲ್ಲಿ ಹಾಗೆಂದರೆ 'ನಿನ್ನನ್ನು ಬಿಡೆನು' ಎಂದರ್ಥವೆಂದು ನಾನು ಮೈಕಿನಲ್ಲಿ ಸಾರಿ ಕಂಪನಿಯ ಮಾನ ಉಳಿಸಿದೆ. ಒಂದಿಡೀ ಖಂಡದ ಮಾನ ಕಳೆದೆನೆಂಬುದು ಹೊಳೆಯಲು ಎಷ್ಟೋ ವರ್ಷ ಬೇಕಾದವು.

ಹರಪನಹಳ್ಳಿಯ ಆಟದ ಹಿಂದಿನ ದಿನ ದುರುಗಪ್ಪ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ.

"ಮೇಷ್ಟ್ರೇ, ನಾಳಿ ನಮ್ಮವ್ವ ಬರ್ತಾಳ್ರಿ. ಒಂದ್ಸಲ ನನ್ ಹೆಸ್ರು, ನಮ್ಮೂರ್ ಹೆಸ್ರು ಹೇಳ್ರಿ."

"ಸಾಹೇಬ್ರು ಸುಮ್ನಿರ್ತಾರೇನೋ?"

"ಅವ್ರು ಹೂಂ ಅಂದಾರ."

"ಮತ್ತೆ ಗೌಡ್ರು? ಅವ್ರಿಗೆ ನೀನ್ಯಾರು ಅಂತ ಗೊತ್ತೈತೇನು?"

"ಗೊತ್ತೈತ್ರಿ. ಆದ್ರ ಮಂದಿ ಮುಂದ ಗೊತ್ತಿಲ್ಲ." ಮಣ್ಣಿನಲ್ಲಿ ಬೆರಳಾಡಿಸುತ್ತ ಅಂದ: "ನಮ್ ಕೇರಿಯವ್ರನ್ನ ಗರಡಿಮನಿ ಒಳಗ ಬಿಡಂಗಿಲ್ರಿ. ನಾ ಕಿಟಕ್ಯಾಗ ನೋಡಿ ಕಲ್ತಾವ. ಆಫ್ರಿಕಾದವ ಅಂದ್ರ ಗೌಡ್ರು ತಬ್ಬಿ ಹಿಡೀತಾರ. ನಮ್ಮೂರಾವ ಅಂದ್ರ ಹಿಡೀತಾರೋ ಇಲ್ಲೋ, ಒಮ್ಮಿ ನೋಡ್ಬೇಕ್ರಿ."

ಹೂಂ ಎಂದೆ. ಎಂದ ಮೇಲೆ ಊಟ ಸೇರಲಿಲ್ಲ. ಗೌಡ ಹಿಂದೆ ಸರಿದರೆ ತಾಯಿಯ ಎದುರಿಗೇ ಮಗನಿಗೆ ಆಗುವುದನ್ನು ಯೋಚಿಸಬೇಕಿತ್ತು. ನಾನೋ ಹಣೆಯನ್ನೇ ಸವರಿಕೊಳ್ಳುತ್ತಿದ್ದೆ.

ಮಾರನೆಯ ಸಂಜೆ ಮೈಕು ಹಿಡಿದೆ. "ಈ ಕಡೆ ಕೊಟ್ಟೂರಿನ ಮಲ್ಲನಗೌಡರು! ಆ ಕಡೆ..." ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದೆ. "ಆ ಕಡೆ ನಮ್ಮ ಸೀಮೆಯವನೇ ಆದ ದುರುಗಪ್ಪ, ಹೂವಿನಹಡಗಲಿ!"

ಕೊಟ್ಟೂರಿನಿಂದ ಬಂದು ಕೂತಿದ್ದ ತನ್ನವರ ಕಡೆ ಮಲ್ಲನಗೌಡ ಒಮ್ಮೆ ನೋಡಿದ. ಆಮೇಲೆ ಬಗ್ಗಿ ಮಣ್ಣು ಹಿಡಿದು, ದುರುಗಪ್ಪನ ಅಂಗೈಯಲ್ಲಿಟ್ಟ. ದುರುಗಪ್ಪ ಕೊಡವಲಿಲ್ಲ. ಮುಷ್ಟಿ ಮುಚ್ಚಿಕೊಂಡ.

ನಾನು ಉಸಿರು ಬಿಡುವಷ್ಟರಲ್ಲಿ ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಎದ್ದು ನಿಂತಳು.

"ಏ ಮೈಕಿನಪ್ಪಾ! ಹೂವಿನಹಡಗಲಿ ಅಲ್ಲೋ, ಹಿರೇಹಡಗಲಿ! ನನ್ ಮಗನ ಊರು ಹಿರೇಹಡಗಲಿ!"

ಎಲ್ಲ ಭಯಗಳನ್ನೂ ಮುಂಚಿತವಾಗಿ ಪಟ್ಟಿದ್ದವನಿಗೆ ಎರಡು ಹಡಗಲಿಗಳಿವೆ ಎಂಬುದೇ ಮರೆತುಹೋಗಿತ್ತು. ಜನ ಹೋ ಎಂದು ನಕ್ಕರು. ನಾನು ತಿದ್ದಿ ಹೇಳಿದೆ.

"ಹಾಂ. ಇನ್ನೊಮ್ಮಿ ಹೇಳು," ಎಂದಳು, ಕೂರದೆ.

ದುರುಗಪ್ಪ ಅಂದೂ ಮೊದಲೇ ಗೊತ್ತುಮಾಡಿದ್ದಂತೆಯೇ ಬಿದ್ದ. ಆ ತಾಯಿ ಈಗ ಇರಲಾರಳು. ಆದರೂ ಕೇಳಿದ್ದಳಲ್ಲ, ಇನ್ನೊಮ್ಮೆ ಬರೆಯುತ್ತೇನೆ, ಈ ಸಲ ಕಾಗುಣಿತವನ್ನೂ ನೋಡಿಕೊಂಡು: ದುರುಗಪ್ಪ, ಹಿರೇಹಡಗಲಿ.