ಅವ್ವ ಎರೆದ ಕೂಸುಗಳು

ನಮ್ಮ ಹೌಸಿಂಗ್ ಸೊಸೈಟಿಯ ಹುಡುಗರಲ್ಲಿ ಅರ್ಧಕ್ಕರ್ಧ ಜನ ನನ್ನ ಅವ್ವನ ಕಾಲ ಮೇಲೆ ಮಲಗಿ ನೀರು ಎರೆಸಿಕೊಂಡವರು. ಈಗ ಅವರಲ್ಲಿ ಕೆಲವರಿಗೆ ಮೀಸೆ ಬಂದಿದೆ. ಒಬ್ಬನಂತೂ ದಿನಾ ನನ್ನ ಪಾರ್ಕಿಂಗ್ ಜಾಗದಲ್ಲಿ ತನ್ನ ಬೈಕು ತಂದು ನಿಲ್ಲಿಸುತ್ತಾನೆ. ಬೈಯಲು ಹೋದರೆ, ಅವ್ವ ಇವನನ್ನು ಬೋರಲು ಮಲಗಿಸಿ ಬೆನ್ನು ತಿಕ್ಕುತ್ತಿದ್ದುದು ನೆನಪಾಗಿ ನಗು ಬರುತ್ತದೆ. ಆದರೂ ಬೈದೇ ಬೈಯುತ್ತೇನೆ, ಅದು ಬೇರೆ ಮಾತು.

ಅವ್ವ ವಿಜಯಪುರದ ಕಡೆಯವಳು. ಅಪ್ಪನಿಗೆ ಪುಣೆಯ ಕಿರಾಣಿ ಪೇಟೆಯಲ್ಲಿ ಗುಮಾಸ್ತಿಕೆ ಸಿಕ್ಕಿದ್ದರಿಂದ ಮದುವೆಯಾದ ವರ್ಷವೇ ಇಲ್ಲಿಗೆ ಬಂದಳು. ಅವಳ ಮರಾಠಿ ಕೊನೆಯವರೆಗೂ ವಿಚಿತ್ರವಾಗಿಯೇ ಇತ್ತು, ಪ್ರತಿ ಮಾತಿನ ತುದಿಗೂ ಒಂದು ‘ರಿ’ ಸೇರಿಸುತ್ತಿದ್ದಳು. ನಾನು ನಕ್ಕರೆ, “ಅವರಿಗಿ ತಿಳೀತದಲ್ಲ? ಮತ್ತ ನಿನಗೇನಾಗ್ಯದ?” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅವರಿಗೆ ತಿಳಿಯುತ್ತಿತ್ತು ಅನ್ನುವುದು ನಿಜ. ಯಾರ ಮನೆಯಲ್ಲಿ ಹೆರಿಗೆಯಾದರೂ ಆಸ್ಪತ್ರೆಯಿಂದ ಕೂಸು ಬಂದ ಮರುದಿನವೇ ನಮ್ಮ ಬಾಗಿಲು ಬಡಿಯುತ್ತಿದ್ದರು.

ಅವಳದೊಂದು ಪದ್ಧತಿಯಿತ್ತು. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಸೀರೆ ಮೊಣಕಾಲಿನ ತನಕ ಎತ್ತಿ ಕಟ್ಟಿ, ಎರಡೂ ಕಾಲು ಮುಂದೆ ಚಾಚುತ್ತಿದ್ದಳು. ಆ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸು. ನೀರು ಹಾಕುವುದು ಮಾತ್ರ ಕೂಸಿನ ಅಪ್ಪನೇ, ಬೇರೆ ಯಾರೂ ಅಲ್ಲ. ಅಜ್ಜಿಯಂದಿರು ಎಷ್ಟು ಮುಖ ಗಂಟು ಹಾಕಿಕೊಂಡರೂ ಅವಳು ಬಗ್ಗುತ್ತಿರಲಿಲ್ಲ. ಬ್ಯಾಂಕಿನ ಮ್ಯಾನೇಜರ್ ಒಬ್ಬರು ಪ್ಯಾಂಟು ಮಡಚಿ, ಚೆಂಬು ಹಿಡಿದು, ಬೆವರುತ್ತ ನಿಂತದ್ದನ್ನು ಚಿಕ್ಕಂದಿನಲ್ಲಿ ನಾನೇ ಕಂಡಿದ್ದೇನೆ. ಎರೆಯುವುದು ಮುಗಿಸಿದ ಕಡೆಯ ದಿನ ಆ ಮನೆಯವರು ಅವ್ವನ ಉಡಿ ತುಂಬುತ್ತಿದ್ದರು: ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಕಣ. ಅದರ ಹೊರತು ಬೇರೇನನ್ನೂ ಅವಳು ಮುಟ್ಟಲಿಲ್ಲ.

ಬೆಂಗಳೂರಿನಿಂದ ಬಂದ ಐಟಿ ದಂಪತಿ ಮೂರನೇ ಮಹಡಿಯಲ್ಲಿದ್ದರು. ಅವರ ಕೂಸಿಗೆ ಎರೆಯಲು ಹೋದ ಮೊದಲ ದಿನವೇ ಆ ಹುಡುಗಿ, “ಆಂಟಿ, ಮೊಬೈಲ್‌ನಲ್ಲಿ ಬೇರೆ ಥರ ತೋರಿಸ್ತಾರಲ್ಲಾ?” ಎಂದಳಂತೆ. ಅವ್ವ ಎಣ್ಣೆ ಬಟ್ಟಲು ಕೆಳಗಿಟ್ಟು, “ಹಂಗಾದ್ರ ಮೊಬೈಲಿಗೇ ಎರಿ ಅನ್ನವಾ, ನಾ ಹೋಗ್ತೀನಿ” ಎಂದು ಎದ್ದೇಬಿಟ್ಟಳು. ಹುಡುಗಿ ಕೈ ಹಿಡಿದು ಕೂರಿಸಿದಳು. ಅವ್ವನಿಗೂ ಅದೇ ಬೇಕಾಗಿತ್ತು.

ನಾನು ಮದುವೆಯಾದದ್ದು ಬಾರಾಮತಿಯ ಮರಾಠಿ ಹುಡುಗಿಯನ್ನು. ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯ ಆಫೀಸಿನಲ್ಲಿ ನಮ್ಮಿಬ್ಬರ ಟೇಬಲ್ಲು ಎದುರುಬದುರು ಇದ್ದವು, ಉಳಿದದ್ದು ತಾನಾಗಿಯೇ ಆಯಿತು. ಅವ್ವ ಮದುವೆಗೆ ಬೇಡ ಎನ್ನಲಿಲ್ಲ. ಆದರೆ ಒಂದು ತಿಂಗಳು ಸೊಸೆಯ ಜೊತೆ ತೀರ ಬೇಕಾದಷ್ಟೇ ಮಾತು. ಆಮೇಲೆ ಎಲ್ಲ ಸರಿಹೋಯಿತು ಅಂದುಕೊಂಡಿದ್ದೆವು. ಆದರೂ ಆ ತಿಂಗಳನ್ನು ನನ್ನ ಹೆಂಡತಿ ಮರೆತಿರಲಿಲ್ಲ ಎಂದು ನನಗೆ ತಿಳಿದದ್ದು ಮಗಳು ಹುಟ್ಟಿದ ಮೇಲೆ.

ಮಗಳು ಹುಟ್ಟಿದಳು, ಸಿಸೇರಿಯನ್ ಆಗಿತ್ತು. ಮನೆಗೆ ಬಂದೆವು. ಊರ ಕೂಸಿಗೆಲ್ಲ ಎರೆದವಳ ಸ್ವಂತ ಮೊಮ್ಮಗಳು ಎಂದು ಸೊಸೈಟಿಯ ಹೆಂಗಸರೆಲ್ಲ ನೋಡಲು ಕಾಯುತ್ತಿದ್ದರು. ಅವ್ವ, “ಹೊಕ್ಕಳಬಳ್ಳಿ ಬೀಳಲಿ” ಎಂದಳು. ಬಿತ್ತು. “ಇವತ್ತ ಶನಿವಾರ, ಬ್ಯಾಡ” ಎಂದಳು. ಮರುದಿನ, “ಮೋಡ ಕವಿದದ, ಕೂಸಿಗಿ ಥಂಡಿ ಆಗ್ತದ.” ಡಿಸೆಂಬರಿನ ಚಳಿಯಲ್ಲಿ ಕಂಡವರ ಮನೆಯ ಕೂಸುಗಳಿಗೆ ಎರೆದುಬಂದವಳು, ವಾರ ತಿಥಿ ಎಂದರೆ ನಗುತ್ತಿದ್ದವಳು, ಈಗ ಪಂಚಾಂಗ ತೆಗೆದು ಕುಳಿತಿದ್ದಳು.

ಹೆಂಡತಿ ಕೂಸಿಗೆ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದಳು. ಹತ್ತನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ಅತ್ತುಕೊಂಡೇ ಮರಾಠಿಯಲ್ಲಿ ಹೇಳಿದಳು, ನಾನು ನಿಮ್ಮವಳಲ್ಲ ಅನ್ನುವುದನ್ನು ಹೇಗೋ ನುಂಗಿಕೊಂಡೆ, ಆದರೆ ಈ ಕೂಸು ಏನು ತಪ್ಪು ಮಾಡಿದೆ? ಬಾರಾಮತಿಯಿಂದ ಅಮ್ಮನನ್ನು ಕರೆಸುತ್ತೇನೆ, ಅವಳೇ ನೋಡಿಕೊಳ್ಳುತ್ತಾಳೆ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ನೆಟ್ಟಗೆ ಅಡುಗೆಮನೆಗೆ ಹೋದೆ. ಅವ್ವ ಒಲೆಯ ಮುಂದೆ ನಿಂತಿದ್ದಳು.

“ಮಂದಿ ಕೂಸಿಗೆಲ್ಲಾ ಎರದಿ. ನಿನ್ನ ಮೊಮ್ಮಗಳು ಅಂದ್ರ ಕೈ ಯಾಕ ಬರವಲ್ದು? ಆಕಿ ಅವ್ವ ಮರಾಠಿ ಅಂತೇನು?”

ಅವ್ವ ಒಲೆ ಆರಿಸಿದಳು. ಒಂದು ಚೆಂಬಿನ ತುಂಬ ನೀರು ಹಿಡಿದು, ಬಲಗೈಯಲ್ಲಿ ಎತ್ತಿ ನನ್ನ ಮುಂದೆ ಚಾಚಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೈ ನಡುಗತೊಡಗಿತು. ನೀರು ತುಳುಕಿ ನೆಲಕ್ಕೆ ಬಿತ್ತು, ನನ್ನ ಪಾದದ ಮೇಲೂ ಬಿತ್ತು. ಅವಳು ಚೆಂಬು ಕೆಳಗಿಳಿಸಲಿಲ್ಲ, ನಾನು ನೋಡಿ ಮುಗಿಸುವವರೆಗೂ ಹಿಡಿದೇ ಇದ್ದಳು.

“ನಾಕ ತಿಂಗಳಾತು,” ಎಂದಳು. “ಮೂರನೇ ಮಾಳಿಗಿ ಕೂಸಿಗಿ ಎರಿಯೂಮುಂದ ಕೈಯಾಗಿಂದ ಜಾರಿತು. ಕಾಲಾಗ ಹಿಡಕೊಂಡೆ, ಏನೂ ಆಗಲಿಲ್ಲ. ಆದ್ರ ಅವತ್ತಿಗೇ ಬಿಟ್ಟೆ. ಅದರ ಮ್ಯಾಲ ಯಾರ ಮನಿಗೂ ಹೋಗಿಲ್ಲ, ಕರೀಲಿಕ್ಕೆ ಬಂದವರಿಗಿ ಸೊಸಿ ಬಸರಿ ಅಂತ ನೆವ ಹೇಳೀನಿ.”

“ಮತ್ತ ಹೇಳಬಾರದೇನು ಬೇ?”

“ಏನಂತ ಹೇಳ್ಲಿ? ನನ್ನ ಮೊಮ್ಮಗಳು ಬರೂತನಕ ಕೈ ಸರಿ ಆಗ್ತದ ಅಂತ ಕಾದೆ. ಆಗಲಿಲ್ಲ.”

ನನಗೆ ಅಲ್ಲಿಯೇ ಭೂಮಿಗಿಳಿದು ಹೋದರೆ ಸಾಕು ಅನ್ನಿಸಿತು. ಜೀವಮಾನವಿಡೀ ಹೆಮ್ಮೆಪಟ್ಟ ಕೈ ಅದು. ನಡುಕವನ್ನು ಮುಚ್ಚಿಟ್ಟು ಒಮ್ಮೆ ಎರೆದಿದ್ದರೆ ಅವಳ ಆಸೆ ತೀರುತ್ತಿತ್ತು, ಸೊಸೆಯ ಮುನಿಸೂ ಹೋಗುತ್ತಿತ್ತು. ಕೆಟ್ಟವಳು ಅನ್ನಿಸಿಕೊಂಡಳೇ ಹೊರತು ಆ ಕೈಯನ್ನು ಕೂಸಿನ ಹತ್ತಿರ ಒಯ್ಯಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಷ್ಟು ಕನ್ನಡ ಅವಳಿಗೆ ಬರುತ್ತಿತ್ತು. ಒಳಗೆ ಬಂದು ಅವ್ವನ ಕೈಯಿಂದ ಚೆಂಬು ತೆಗೆದುಕೊಂಡಳು. “ಆಯಿ, ನೀವು ಹೇಳ್ರಿ. ನಾವು ಮಾಡ್ತೀವಿ,” ಎಂದಳು. ಮರಾಠಿಯವರು ಅಮ್ಮನನ್ನು ಕರೆಯುವಂತೆ ಅವಳೂ ಅವ್ವನನ್ನು ‘ಆಯಿ’ ಎನ್ನುತ್ತಿದ್ದಳು.

ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಅವಳು ನೆಲಕ್ಕೆ ಕೂರುವಂತಿರಲಿಲ್ಲ. ಹೀಗಾಗಿ ಮಣೆ ನನ್ನ ಪಾಲಿಗೆ ಬಂತು. ಚಡ್ಡಿ ಹಾಕಿಕೊಂಡು ಕಾಲು ಚಾಚಿ ಕುಳಿತೆ. ಹೆಂಡತಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ನೀರು ಹಾಕಿದಳು. ಅವ್ವ ಬಚ್ಚಲ ಬಾಗಿಲಲ್ಲಿ ಗೋಡೆಗೆ ಆತುಕೊಂಡು ನಿಂತು ನನ್ನನ್ನು ಬೈಯತೊಡಗಿದಳು.

“ಫೈಲ್ ಹಿಡದಂಗ ಹಿಡೀಬ್ಯಾಡೋ, ಕೂಸದು! ಕುತ್ತಿಗಿ ಕೆಳಗ ಕೈ ಇಡು. ಹಾಂ. ಈಗ ಎದಿ. ಒತ್ತಬ್ಯಾಡ, ಸವರು. ಏ, ನೀ ಯಾಕ ಅಳ್ತಿ? ಅಳೂದು ಆಕಿ ಕೆಲಸ!”

ಮಗಳು ಸೊಸೈಟಿಗೆಲ್ಲ ಕೇಳುವಂತೆ ಕಿರುಚಿದಳು. ನನ್ನ ಕಾಲು ಜೋಮು ಹಿಡಿದವು. ಎದುರು ಮನೆಯ ಹೆಂಗಸರು ಒಳಗೆ ಬಂದು ಇಣುಕಿ, ಗಂಡಸು ಮಣೆಯ ಮೇಲೆ ಕುಳಿತದ್ದನ್ನು ಕಂಡು ಬಾಯಿಗೆ ಸೆರಗು ಹಿಡಿದರು. ಅವ್ವ ಅವರ ಕಡೆ ತಿರುಗಿ, ತನ್ನ ಆ ಮರಾಠಿಯಲ್ಲಿ, ನನ್ನ ಮಗ ಎರೆಯುತ್ತಾನೆ, ನೋಡಿ ಕಲಿಯಿರಿ ಎಂದಳು.

ಮೂರು ತಿಂಗಳು ದಿನಾ ಬೆಳಿಗ್ಗೆ ಕಂಪನಿ ಬಸ್ಸು ಬರುವ ಮೊದಲು ಇದೇ ನಡೆಯಿತು. ಎರಡನೆಯ ವಾರಕ್ಕೆ ಮಗಳು ಅಳುವುದು ಬಿಟ್ಟಳು, ಕಾಲ ಮೇಲೆಯೇ ನಿದ್ದೆ ಹೋಗತೊಡಗಿದಳು. ಅವ್ವ ಬೈಯುವುದನ್ನು ಮಾತ್ರ ಬಿಡಲಿಲ್ಲ. ನಡುವೆ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ನಡುಕಕ್ಕೆ ಒಂದು ಹೆಸರು ಹೇಳಿದರು, ಗುಳಿಗೆ ಬರೆದುಕೊಟ್ಟರು. ನಡುಕ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಮುಂದೆ ಯಾರಾದರೂ ಕೂಸಿಗೆ ಎರೆಯಲು ಕರೆಯಲು ಬಂದರೆ, “ನನ್ನ ಮಗನ್ನ ಕಳಸ್ತೀನ್ರಿ” ಎಂದು ನನ್ನನ್ನು ಕೇಳದೆಯೇ ಒಪ್ಪಿಕೊಳ್ಳುತ್ತಿದ್ದಳು. ಗೊಣಗುತ್ತ ಹೋಗುತ್ತಿದ್ದೆ. ಆ ಮನೆಯ ಅಪ್ಪಂದಿರನ್ನೇ ಮಣೆಯ ಮೇಲೆ ಕೂರಿಸಿ, ಅವ್ವ ಬೈದದ್ದನ್ನೆಲ್ಲ ಅವರಿಗೂ ಬೈದು ಬರುತ್ತಿದ್ದೆ. ಬಂಧುಗಳ ಮದುವೆ ಮುಂಜಿಯಲ್ಲಿ ಯಾರು ಸಿಕ್ಕರೂ ಅವ್ವನದು ಒಂದೇ ಮಾತು: ಮೊಮ್ಮಗಳಿಗೆ ಎರೆದವಳು ನಾನಲ್ಲ, ನನ್ನ ಮಗ.

ಅವ್ವ ಹೋದದ್ದು ಹೋದ ವರ್ಷ. ಮನೆಯ ತುಂಬ ಜನ ಬಂದರು. ಬೈಕಿನ ಹುಡುಗ ಬಂದು ಮೂಲೆಯಲ್ಲಿ ಕುಳಿತು ಚಿಕ್ಕ ಮಕ್ಕಳ ಹಾಗೆ ಅತ್ತ. ಹೆಂಗಸರು ಒಬ್ಬೊಬ್ಬರೇ, ನನ್ನ ಮಗನಿಗೆ ಅವರೇ ಎರೆದದ್ದು, ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಅವರೇ ಎಂದು ಹೇಳಿಕೊಳ್ಳುತ್ತಿದ್ದರು. ಈಚೆಗೆ ಸೊಸೈಟಿಗೆ ಬಂದ ಒಬ್ಬ ಹೆಂಗಸು ನನ್ನ ಮಗಳ ತಲೆ ಸವರಿ, ಮತ್ತೆ ಇವಳಿಗೂ ಅಜ್ಜಿಯೇ ಎರೆದರಾ ಎಂದು ಕೇಳಿದಳು.

ಅವ್ವ ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ, “ಆಯೀನೇ,” ಎಂದಳು. “ಮೂರು ತಿಂಗಳು, ಒಂದು ದಿನಾನೂ ಬಿಡದೆ.”

ಮಗಳು ಹೌದಾ ಎಂಬಂತೆ ನನ್ನ ಮುಖ ನೋಡಿದಳು.

ಹೌದು ಎಂದೆ.