ಬಲಗಡೆ ಮೂಲ್ಯಾಗಿನ ಜ್ವಾಳದ ಕಾಳು

ಸಿಂಧನೂರಾಗ ನನ್ನನ್ನ ಎಲ್ಲಾರೂ ಇಂಜಿನಿಯರ್ ಸಾಹೇಬ್ರು ಅಂತಾರ. ಮೊನ್ನೆ ಮೊಬೈಲ್ ಅಂಗಡ್ಯಾವ ಉಗುರಿನಷ್ಟು ಮೆಮೊರಿ ಕಾರ್ಡ್ ತೋರಿಸಿ, "ಇದರಾಗ ಎಷ್ಟು ಬೇಕಾದ್ರೂ ತುಂಬರ್ರಿ ಸಾಹೇಬ್ರ" ಅಂದ. ನನಗ ಸಿಟ್ಟು ಬಂತು. ಇದರ ಮುತ್ತಜ್ಜನ್ನ ಕಟ್ಟಾಕ ನನ್ನ ಜೀವನಾನ ಹೋಗೇತಿ ಲೇ, ಅನ್ನಬೇಕಂದೆ. ಅನ್ನಲಿಲ್ಲ. ಹೋದದ್ದು ನನ್ನ ಜೀವನ ಅಲ್ಲ, ನನ್ನ ತಂಗೀದು.

ನಾ ಓದು ಮುಗಿಸಿ ದೂರದ ಪಟ್ಟಣದ ಕಾರ್ಖಾನಿ ಸೇರಿದಾಗ ಕಂಪ್ಯೂಟರ್ ಅಂದ್ರ ಕೋಣಿ ತುಂಬ ಕಪಾಟು. ಅದರ ಮೆಮೊರಿ ಮಾಡೋದು ನನ್ನ ಕೆಲಸ. ಕಬ್ಬಿಣದ ಪುಡಿ ಸುಟ್ಟು ಮಾಡಿದ, ಸಾಸಿವಿ ಕಾಳಿಗಿಂತ ಸಣ್ಣ ಉಂಗುರ. ಅಂಥಾ ಸಾವಿರಾರು ಉಂಗುರದಾಗ ಕೂದಲೆಳಿಯಂಥ ತಂತಿ ಪೋಣಿಸಿ ಚೌಕಟ್ಟಿಗೆ ಕಟ್ಟಬೇಕು. ಕರೆಂಟು ಈ ಕಡೆ ಹರಿಸಿದ್ರ ಉಂಗುರ 'ಒಂದು' ಅಂತ ಹಿಡಕೊಂತೈತಿ, ಆ ಕಡೆ ಹರಿಸಿದ್ರ 'ಸೊನ್ನಿ'. ಪೋಣಿಸಾಕ ಹೆಣ್ಣಮಕ್ಕಳ ಕೈನ ಬೇಕಿತ್ತು.

ನಮ್ಮೂರು ಮಸ್ಕಿ ಕಡೆ ಪಾಮನಕಲ್ಲೂರು. ನಮ್ಮವ್ವ ಹಳೇ ಸೀರಿ ಚೂರು ಜೋಡಿಸಿ ಹೊಚ್ಚಿಕೊಳ್ಳೋ ಕೌದಿ ಹೊಲಿಯೋದರಾಗ ಎತ್ತಿದ ಕೈ. ತಂಗಿ ಆಕಿ ಮಗ್ಗಲಾಗ ಕುಂತು ಕಲ್ತಾಕಿ. ಸಣ್ಣ ವಯಸ್ಸಿಗೇ ಗಂಡನ್ನ ಕಳಕೊಂಡು ತವರಿಗೆ ಬಂದಿದ್ಲು. ನಾನ ಕರಕೊಂಡು ಹೋಗಿ ಕಾರ್ಖಾನಿಗೆ ಸೇರಿಸಿದೆ. ಭೂತಗನ್ನಡಿ ಕೆಳಗ ಆಕಿ ಸೂಜಿ ಆಡೋದು ನೋಡಾಕ ದೊಡ್ಡ ಸಾಹೇಬ್ರೂ ಬಂದು ನಿಲ್ಲತಿದ್ರು. "ಅಣ್ಣಾ, ನಿಮ್ಮ ಕಂಪ್ಯೂಟರ್ ಅಂದ್ರ ಕಬ್ಬಿಣದ ಕೌದಿನ ಬಿಡು" ಅಂತ ನಗತಿದ್ಲು.

ಅವ್ವಂದು ಒಂದು ರೂಢಿ ಇತ್ತು. ಕೌದಿ ಹಸಕೊಂಡಿರಬಾರದು ಅಂತ, ಕಡೀ ಹೊಲಿಗಿ ಹಾಕೋ ಮೊದಲು ಒಂದು ಮೂಲ್ಯಾಗ ಜ್ವಾಳದ ಕಾಳು ಇಟ್ಟು ಮುಚ್ಚತಿದ್ಲು. ನಮ್ಮ ಮೊದಲನೇ ಚೌಕಟ್ಟು ಪರೀಕ್ಷೆಗೆ ಹೋಗೋ ದಿನ ನನಗ ಅದ ನೆನಪಾತು. ಯಾರೂ ಇಲ್ಲದಾಗ ನಾನೂ ಒಂದು ಕಾಳು ಬಲಗಡೆ ಮೂಲ್ಯಾಗ, ಉಂಗುರದ ಸಾಲಿನ ಕೆಳಗ ಸಿಗಿಸಿದೆ. ಇಂಜಿನಿಯರ್ ಅಂತ ಇಂಜಿನಿಯರ್!

ಚೌಕಟ್ಟು ಫೇಲಾತು. ಬಿಚ್ಚಿ ನೋಡಿದ್ರ ಕಾಳು. ಸಾಹೇಬ್ರು, "ಇದು ಹಳ್ಳಿ ಹೆಂಗಸಿನ ಕೆಲಸ" ಅಂತ ಕೂಗಾಡಿ ಎಲ್ಲಾರ ಮುಂದ ತಂಗೀನ ನಿಲ್ಲಿಸಿ ಕೇಳಿದ್ರು. ಆಕಿ ಕಾಳು ನೋಡಿದ್ಲು, ನನ್ನ ಮಾರಿ ನೋಡಿದ್ಲು, ತಲಿ ಬಗ್ಗಿಸಿದ್ಲು. ನಾ ಬಾಯಿ ಬಿಡಲಿಲ್ಲ. ಅವತ್ತ ಆಕೀನ ಕೆಲಸದಿಂದ ತಗದ್ರು.

ತಿಂಗಳಾದ ಮ್ಯಾಲ ಗೊತ್ತಾತು, ಕಾಳಿಂದ ಏನೂ ಕೆಟ್ಟಿದ್ದಿಲ್ಲ. ನಾ ತಂಪು ಕೋಣ್ಯಾಗ ಕುಂತು ಕರೆಂಟಿನ ಲೆಕ್ಕ ಹಾಕಿದ್ದೆ. ಪರೀಕ್ಷೆ ಮಾಡೋ ಕಡೆ ಸೆಕಿ ಏರಿದ್ರ ಅಷ್ಟ ಕರೆಂಟಿಗೆ ತಿರುಗಬಾರದ ಉಂಗುರಾನೂ ತಿರುಗತಿದ್ವು. ರಾಯಚೂರು ಜಿಲ್ಲಾದ ಬಿಸಲಾಗ ಬೆಳೆದವ ಬಿಸಲನ್ನ ಮರ್ತಿದ್ದೆ, ನನ್ನ ಬುದ್ಧಿಗಿಷ್ಟು! ಸದ್ದಿಲ್ಲದಂಗ ಕರೆಂಟು ಕಡಿಮಿ ಮಾಡಿದೆ. ಮುಂದಿನ ಚೌಕಟ್ಟು ಪಾಸಾತು, ನನಗ ಬಡ್ತಿ ಬಂತು. ಕೆಲವು ವರ್ಷಕ್ಕ ಚಿಪ್ ಬಂದು ಉಂಗುರಗೋಳೆಲ್ಲ ಗುಜರಿ ಸೇರಿದ್ವು.

ಊರಿಗೆ ಹೋದ ತಂಗಿಗೆ ಅವ್ವ, "ಅಣ್ಣನ ಹೆಸರು ಕೆಡಿಸಿ ಬಂದಿ" ಅಂದು ಮಾತು ಬಿಟ್ಲು. ರಜಾಕ್ಕ ಹೋದಾಗೆಲ್ಲ ಅವ್ವಗ ನಿಜ ಹೇಳಬೇಕಂತಿದ್ದೆ. ಇವತ್ತು ಬ್ಯಾಡ, ನಾಳೆ ಹೇಳಿದ್ರಾತು ಅನಕೊಂತ ಅವ್ವನ್ನೂ ಮಣ್ಣು ಮಾಡಿ ಬಂದೆ.

ಅಂಗಡ್ಯಾವ ಆ ಕಾರ್ಡ್ ತೋರಿಸಿದ ಮರುದಿನ ಬಸ್ ಹತ್ತಿದೆ. ತಂಗಿ ಈಗ ಲಿಂಗಸುಗೂರಾಗ ಒಬ್ಬಾಕಿನ ಅದಾಳ, ಕಣ್ಣು ಪೂರಾ ಹೋಗ್ಯಾವ. ಮಸ್ಕಿ ದಾಟೋತನಕ ಮಾತು ಜೋಡಿಸಿಕೊಂತ ಕುಂತಿದ್ದೆ. ಆಕಿ ಮುಂದ ಕುಂತ ಕೂಡ್ಲೆ ಜೋಡಿಸಿದ್ದೆಲ್ಲಾ ಚೆಲ್ಲಾಪಿಲ್ಲಿ ಆತು.

"ಆ ಕಾಳು ಇಟ್ಟವ ನಾನಬೇ ತಂಗಿ" ಅಂದೆ.

"ಗೊತ್ತೈತಿ. ಅವ್ವ ಎಡಗಡೆ ಮೂಲ್ಯಾಗ ಇಡತಿದ್ಲು. ನಾ ಆಕಿ ಮಗ್ಗಲಾಗ ಕುಂತು ಕಲ್ತಾಕಿ. ನೀ ಎದುರಿಗೆ ಕುಂತು ನೋಡಿದವ, ನಿನಗದು ಬಲಗಡೆ. ಕಾಳು ಬಲಗಡೆ ಕಂಡ ಕೂಡ್ಲೆ ತಿಳೀತು ನನಗ."

"ಮತ್ತ ಯಾಕ ಸುಮ್ಮನಾದಿ?"

"ನೀನ ಹೇಳ್ತಿ ಅಂತ ಕಾದಿದ್ದೆ."

ನನಗ ಅಳು ತಡೀಲಿಲ್ಲ. ತಪ್ಪಾತು ತಂಗಿ ಅಂತ ಆಕಿ ಕೈ ಹಿಡಕೊಂಡೆ. ಆಕಿ ಕೈ ಬಿಡಿಸಿಕೊಳ್ಳಲಿಲ್ಲ, ಹಿಡೀಲೂ ಇಲ್ಲ.

"ಅವ್ವ ಹೋಗೋ ದಿನ ಥಂಡಿ ಅಂದ್ಲಂತ ನಾ ಹೊಲಿದ ಕೌದಿ ಹೊಚ್ಚಿದೆ" ಅಂದ್ಲು. "ನನ್ನ ಹೊಲಿಗಿ ಕೈಗೆ ಹತ್ತಿದ ಕೂಡ್ಲೆ, ತಗೀ ಇದನ್ನ, ಅಂದ್ಲು. ಅವತ್ತ ನೀ ಅಲ್ಲೇ ಬಾಗಲದಾಗ ನಿಂತಿದ್ದಿ, ಅಣ್ಣಾ."