ಒಗೆದು ಬಂದ ಮಣ್ಣಿನ ಕೌದಿ

ಮಹಾನವಮಿಗೆ ಮುಂಚೆ ನಮ್ಮ ಕಡೆ ಹಾಸಿಗೆ ಒಗೆಯುವ ಸಡಗರ ಶುರುವಾಯಿತೆಂದರೆ ಯಾವ ಬಟ್ಟೆಗೂ ಉಳಿಗಾಲವಿಲ್ಲ. ಜಮಖಾನೆ, ಚಾದರ, ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ, ಎಲ್ಲವೂ ಹೊಳೆಯ ಕಲ್ಲು ಕಾಣಲೇಬೇಕು. ಈ ಉತ್ಸಾಹಕ್ಕೆ ಅಕ್ಕನ ಮೊದಲ ಪ್ರದರ್ಶನವೇ ಬಲಿಯಾಗುವುದರಲ್ಲಿತ್ತು.

ಅಕ್ಕ ಎಂದರೆ ಬ್ಯಾಡಗಿಯ ನನ್ನ ದೊಡ್ಡಮ್ಮನ ಮಗಳು. ಕೌದಿಯ ಮೇಲೆ ಮಣ್ಣಿನಿಂದ ಹೊಲಗಳನ್ನು ಬರೆಯುವವಳು. ಹಲಗೇರಿಯ ಎರೆಮಣ್ಣು, ಊರ ಹಿಂದಿನ ಕೆಮ್ಮಣ್ಣು, ಗಳಗನಾಥದ ಹೊಳೆದಂಡೆಯ ಮೆಕ್ಕಲು ಅವಳ ಬಣ್ಣಗಳು. ಬೆಳೆಯ ಸಾಲುಗಳಿಗೆ ಒಣಮೆಣಸಿನಕಾಯಿಯ ತೊಟ್ಟುಗಳನ್ನು ಒಂದೊಂದಾಗಿ ಹೊಲಿಯುತ್ತಾಳೆ. ಹಾವೇರಿಯಲ್ಲಿ ಒಂದು ಕಲಾಸಂಘ ಏರ್ಪಡಿಸಿದ್ದ ಪ್ರದರ್ಶನದಲ್ಲಿ ಅವಳಿಗೆ ಒಳಬಂದವರ ಕಣ್ಣಿಗೆ ಮೊದಲು ಬೀಳುವ ಎದುರುಗೋಡೆಯೇ ಸಿಕ್ಕಿತ್ತು. ಕೃತಿಗಳನ್ನು ಅಲ್ಲಿಯವರೆಗೆ ಕಾಯುವ ಹೊಣೆ ಸಂಘದ ಕಾರ್ಯದರ್ಶಿಯದು. ಅವರು ಅವನ್ನು ರಾಣೆಬೆನ್ನೂರಿನ ತಮ್ಮ ಮನೆಯಲ್ಲಿರಿಸಿ, ಯಾರಿಗೂ ಒಂದು ಮಾತು ಹೇಳದೆ ಮದುವೆಯೊಂದಕ್ಕೆ ಹೋದರು.

ಪ್ರದರ್ಶನಕ್ಕೆ ನಾಲ್ಕು ದಿನವಿದೆ ಎನ್ನುವಾಗ ಕೌದಿ ನೋಡಲು ಹೋದೆವು. ಅದು ಮಾಳಿಗೆಯ ಹಗ್ಗದ ಮೇಲೆ ಒಣಗುತ್ತಿತ್ತು.

ಕಾರ್ಯದರ್ಶಿಯ ತಾಯಿ ಹೆಮ್ಮೆಯಿಂದ ಬರಮಾಡಿಕೊಂಡರು. "ನೋಡವಾ, ಹೆಂಗ ಬೆಳ್ಳಗಾಗೇತಿ! ಯಾರ ಮನ್ಯಾಗ ಇಷ್ಟು ಹೊಲಸ ಕೌದಿ ಹೊತ್ಕೊಂತಾರೋ ಏನೋ. ಕಸಾ ಬ್ಯಾರೆ ಹೊಲದಿದ್ರು, ಎಲ್ಲಾ ಬಿಚ್ಚಿ ತಗದೇನಿ. ಕಲ್ಲಿಗೆ ಬಡದು ಬಡದು ನನ್ನ ರಟ್ಟಿ ಬಿದ್ದು ಹೋದ್ವು."

ಅಕ್ಕ ಕೌದಿಯ ಅಂಚು ಹಿಡಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅಷ್ಟರಲ್ಲಿ ಮದುವೆ ಮುಗಿಸಿ ಮರಳಿದ್ದ ಕಾರ್ಯದರ್ಶಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೇಲೆ ಬಂದರು.

"ಅವ್ವಗ ಏನ್ ಗೊತ್ತಾಗ್ತೈತ್ರಿ? ಹೋಗ್ಲಿ, ಮುಂದಿನ ಸಲ ನೋಡೂಣಂತ. ಆ ಗ್ವಾಡಿ ಬ್ಯಾರೆಯವರಿಗೆ ಕೊಡ್ತೀನಿ."

"ಅವ್ವಗ ಗೊತ್ತಿರಲಿಲ್ಲ, ಖರೇ," ಎಂದೆ. "ನೀವು ಆಕಿಗೆ ಹೇಳಿ ಹೋಗಿದ್ರೇನು?"

ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದರಲ್ಲಿ ದಿನವೂ ಉಪಯೋಗಕ್ಕೆ ಬರುವುದು ಇಂಥ ಪ್ರಶ್ನೆಯೊಂದೇ. ಹೊಣೆ ಹೊರುವಾಗ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುವವರು, ಹೊಣೆ ಬಿದ್ದಾಗ ಮನೆಯ ಹೆಂಗಸರತ್ತ ಬೆರಳು ತೋರುವುದನ್ನು ಸಹಿಸುವ ಸ್ವಭಾವ ನನ್ನದಲ್ಲ. ಗೋಡೆ ಅಕ್ಕನಿಗೇ ಉಳಿಯಬೇಕು, ಕೌದಿಗೆ ಏನಾಯಿತೆಂದು ಜನ ಕೇಳಿದರೆ ಉತ್ತರವನ್ನು ಕಾರ್ಯದರ್ಶಿಯೇ ಕೊಡಬೇಕು ಎಂದೆ. ಅವರು ತಾಯಿಯ ಮುಖ ನೋಡಿದರು. ತಾಯಿ ಮಗನ ಮುಖ ನೋಡಲಿಲ್ಲ.

ಅಕ್ಕ ಕಣ್ಣೊರೆಸಿಕೊಂಡು ಎದ್ದಳು. "ಉತ್ತರಾ ಆಮ್ಯಾಲೆ ಕೊಡುವಿರಂತ. ಮೊದಲ ಕಾರ್ ತಗೀರಿ, ಮಣ್ಣು ತರಬೇಕು."

ಗಳಗನಾಥದ ದಂಡೆಯಲ್ಲಿ ಕಾರ್ಯದರ್ಶಿ ಪ್ಯಾಂಟು ಮಡಚಿ ಮೆಕ್ಕಲು ಮಣ್ಣಿಗಿಳಿದರು. ನೀರು ಹಾಕಿ ನುಣ್ಣಗಾಗುವ ತನಕ ತುಳಿಯಬೇಕೆಂಬುದು ಅಕ್ಕನ ಅಪ್ಪಣೆ. ಕಲ್ಲಿನ ಮೇಲೆ ಕುಳಿತ ತಾಯಿ, ಮಡಿಲಲ್ಲಿ ತೊಟ್ಟುಗಳನ್ನಿಟ್ಟುಕೊಂಡು ದಬ್ಬಳಕ್ಕೆ ದಾರ ಪೋಣಿಸುತ್ತಲೇ ಕೂಗಿದರು: "ಗ್ವಾಡಿ ಕಟ್ಟೂ ಮಣ್ಣ ತುಳದಂಗ ತುಳಿಯೋ! ಬೀಗರ ಮನಿಗೆ ಬಂದಾವರಂಗ ನಿಂತಾನ ನೋಡ!"

"ನೀವ್ಯಾಕ್ರಿ ಹೊಲಿಯಾಕತ್ತೀರಿ, ಬಿಡ್ರಿ," ಎಂದಳು ಅಕ್ಕ.

"ಬಿಚ್ಚಿದಾಕಿ ನಾನ, ಹೊಲಿಯಾಕಿನೂ ನಾನ. ನಿಂದೇನು? ಸಾಲು ಎಲ್ಲಿ ಬರತೈತಿ ಅಷ್ಟ ಹೇಳು."

ಹಗ್ಗದ ಮೇಲೆ ಬಿಳುಪಾಗಿ ಕಂಡಿದ್ದ ಬಟ್ಟೆಯ ನೂಲುಗಳ ಸಂದಿಯಲ್ಲಿ ಎರೆಮಣ್ಣಿನ ಮಾಸಲು ಕಲೆ ಹಾಗೆಯೇ ಉಳಿದಿತ್ತು. ಅಕ್ಕ ಅದನ್ನು ಮುಚ್ಚಲಿಲ್ಲ. ನೆರೆ ಇಳಿದ ಮೇಲಿನ ಹೊಲವೆಂದು ಬಗೆದು, ಅದರ ಸುತ್ತ ಹೊಸ ಮಣ್ಣು ಬಳಿದಳು.

ಹಾವೇರಿಯ ಎದುರುಗೋಡೆಯ ಮೇಲೆ ಕೌದಿ ಇನ್ನೂ ಪೂರ್ತಿ ಒಣಗದೆಯೇ ಏರಿತು. ಪೇಟೆಯ ವ್ಯಾಪಾರಿಯೊಬ್ಬರು ಮೂಗು ಹತ್ತಿರ ಒಯ್ದು ಕೇಳಿದರು: "ಇದು ಯಾಕ್ರಿ ಇನ್ನೂ ಹಸೀ ಐತಿ?"

"ಅದು ಕಲಾವಿದರ ಶೈಲಿ..." ಎಂದು ಶುರುಮಾಡಿದ ಕಾರ್ಯದರ್ಶಿ ನನ್ನನ್ನು ಕಂಡು ತಡೆದರು. ನಾನು ಕೈಕಟ್ಟಿ ನಿಂತಿದ್ದೆ.

"ಇಲ್ರಿ. ಇದನ್ನ ನಮ್ಮ ಮನ್ಯಾಗ ಒಗದುಬಿಟ್ರು. ಹೇಳಬೇಕಾದಾವ ನಾನು. ಹೇಳಿರಲಿಲ್ಲ."

"ಹಬ್ಬಕ್ಕ ಒಗದ್ರ ತಪ್ಪೇನ್ರಿ?" ಎಂದರು ವ್ಯಾಪಾರಿ, ನಿಜವಾಗಿಯೂ ಅರ್ಥವಾಗದೆ.

ಅಕ್ಕ ಗೊಳ್ಳೆಂದು ನಕ್ಕಳು. ಕಾರ್ಯದರ್ಶಿ ನಗಲಿಲ್ಲ. ಬಾಗಿಲಲ್ಲಿ ಇನ್ನೊಂದು ಗುಂಪು ಒಳಬರುತ್ತಿತ್ತು; ಗುಂಪಿನವರು ಕೇಳುವ ಮೊದಲೇ ಕಾರ್ಯದರ್ಶಿ ಅದನ್ನೇ ಮತ್ತೆ ಹೇಳತೊಡಗಿದರು.